ನಾಯಕರ ದನಿ

ನಾಲ್ಕು ಜೆಟ್ಟುಗಳಲ್ಲಿ ಆಕಾಶದಲ್ಲಿ ಲಾಗ ಹಾಕುತ್ತಿದ್ದ ಆ ಖಾಸಗಿ ತಂಡದ ಇಪ್ಪತ್ತು ವರ್ಷದ ಇತಿಹಾಸವನ್ನು ನಾಯಕ ಕಾವೇರಪ್ಪನವರು ಎರಡೇ ಪದಗಳಲ್ಲಿ ಮುಗಿಸುತ್ತಿದ್ದರು: "ನನ್ನ ದನಿ!"

ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರುವಾಗ ಉಳಿದ ಮೂವರು ತಿರುಗುತ್ತಿದ್ದುದು ರೇಡಿಯೋದಲ್ಲಿ ಆ ದನಿ ಕೇಳಿದ ಮೇಲೆಯೇ. ನಾಲ್ಕನೆಯ ಜೆಟ್ಟಿನ ಜಯತೀರ್ಥ ಕ್ಯಾಂಟೀನಿನಲ್ಲಿ ಅದನ್ನೇ ಅನುಕರಿಸಿ ಎಲ್ಲರನ್ನೂ ನಗಿಸುತ್ತಿದ್ದ.

ಅಂದು ಪ್ರದರ್ಶನಕ್ಕೆ ಮುಂಚೆ ಕಾವೇರಪ್ಪ ಜಯತೀರ್ಥನ ಮೇಲೆ ಗುಡುಗಿದರು. "ರೇಡಿಯೋದಲ್ಲಿ ನನ್ನ ದನಿ ತೆಗೆದ್ಯೋ, ಅವತ್ತೇ ನಿನ್ನ ಸೀಟು ಖಾಲಿ! ಮಿಮಿಕ್ರಿಯಂತೆ ಮಿಮಿಕ್ರಿ. ಆಡು ಕೆಮ್ಮಿದ ಹಾಗಿರುತ್ತೆ."

ಪ್ರದರ್ಶನಕ್ಕೆ ಚಪ್ಪಾಳೆಯೋ ಚಪ್ಪಾಳೆ. ಇಳಿದ ಮೇಲೆ, ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಚಹಾ ಹೀರುತ್ತ ಕಾವೇರಪ್ಪ ಬೀಗಿದರು.

"'ಹೊಗೆ ಬಿಡ್ರೋ' ಅಂದೆ, ನಾಲ್ಕೂ ಒಟ್ಟಿಗೆ ಬಿಟ್ವು! ಇಯರ್‌ಫೋನಲ್ಲಿ ನನ್ನ ದನಿ ಕೇಳಿ ನನಗೇ ಮೈ ಜುಮ್ಮೆಂತು. ಇಂಥ ದನಿ ನಿನಗೆ ಬರುತ್ತೇನೋ, ಜಯತೀರ್ಥ?"

ಜಯತೀರ್ಥ ಇನ್ನೊಂದು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ.

ಅಷ್ಟರಲ್ಲಿ ಮೆಕ್ಯಾನಿಕ್ ಬಂದ. "ಸರ್, ನಿಮ್ಮ ಮೈಕಿನ ವೈರು ಕಿತ್ತುಹೋಗಿದೆ. ಮೇಲೇರಿದಾಗಿಂದ ನಿಮ್ಮ ಒಂದು ಮಾತೂ ಆಚೆಗೆ ಹೋಗಿಲ್ಲ."

ಎಲ್ಲರ ಕಣ್ಣೂ ಜಯತೀರ್ಥನ ಮೇಲೆ ಬಿತ್ತು. ಸೀಟು ಹೋಯಿತೆಂದೇ ಅವನಿಗೆ ಖಾತ್ರಿಯಾಯಿತು.

"ಇನ್ನೇನ್ ಮಾಡ್ಲಿ ಸರ್? ನಿಮ್ಮ ದನಿ ಇಲ್ದೆ ಇವರ್ಯಾರೂ ತಿರುಗಲ್ಲ," ಎಂದ, ಗಾಬರಿಯಲ್ಲಿ ಕಾವೇರಪ್ಪನವರ ದನಿಯಲ್ಲೇ.

ಹ್ಯಾಂಗರು ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಕಾವೇರಪ್ಪ. "ಅಯ್ಯೋ, ಹಾಗಾದ್ರೆ ನಾನು ಬಿಟ್ಟಿದ್ದು ಬರೀ ಹೊಗೆ!"