ಆರು ನಿಮಿಷದ ಬಿಸಿನೀರು

ತಿಂಗಳಿಗೊಮ್ಮೆ ಮಾತ್ರ ಓಣಿಗೆ ಬಿಸಿನೀರು ಬರುತ್ತಿತ್ತು, ಒಬ್ಬರಿಗೆ ಆರು ನಿಮಿಷ. ಉಳಿದ ದಿನ ಎಲ್ಲರಂತೆ ಗುರುಸಿದ್ಧನೂ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡೇ ವೆಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಹೀಗಾಗಿ ಆ ಭಾನುವಾರ ಬೆಳಿಗ್ಗೆ ನಲ್ಲಿ ಸದ್ದು ಮಾಡಿದ್ದೇ ತಡ, ಹಾಡುತ್ತ ಬಚ್ಚಲಿಗೆ ಓಡಿದ.

ಬಿಸಿನೀರಿಗೆ ಮೈ ಸಡಿಲಾದಾಗ ಗಂಡಸರು ವೃಷಣಗಳನ್ನು ಒಂದೊಂದಾಗಿ ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಿ ನೋಡಿಕೊಳ್ಳಬೇಕೆಂದು ಓಣಿಯ ನರ್ಸಮ್ಮ ಹೇಳಿದ್ದಳು. ಅವನು ನಗುತ್ತಲೇ ಆ ಮಾತು ಪಾಲಿಸುತ್ತಿದ್ದ. ಎಡಗಡೆ ಎಂದಿನಂತೆ ನುಣ್ಣಗಿತ್ತು. ಬಲಗಡೆ ಬೆರಳು ತಟ್ಟನೆ ನಿಂತಿತು. ಬಟಾಣಿಯಷ್ಟು ಗಟ್ಟಿ ಗಂಟು, ಒತ್ತಿದರೂ ನೋವಿಲ್ಲ. ಹಾಡು ನಿಂತಿತು. ಅಷ್ಟರಲ್ಲಿ ನೀರೂ ನಿಂತಿತು.

"ಕಸ್ತೂರೀ!" ಎಂದು ಹೆಂಡತಿಯನ್ನು ಕೂಗಿದ. ಆ ದನಿ ತನ್ನದೇ ಎನಿಸಲಿಲ್ಲ.

ತನ್ನ ಸರದಿಗೆ ಹೊರಗೆ ಕಾದಿದ್ದವಳು ಒಳಬಂದು ಅವನ ಮುಖ ಕಂಡು ಬೆಚ್ಚಿದಳು. "ಏನಾತ್ರಿ?"

"ಗಂಟು ಐತಿ. ಹೋದ ತಿಂಗಳ ಇರಲಿಲ್ಲ."

"ಗಾಬರಿ ಆಗಬ್ಯಾಡ್ರಿ. ನನ್ನ ನೀರು ತಗೊಂಡು ಇನ್ನೊಮ್ಮೆ ನೋಡ್ರಿ."

ತಿಂಗಳಿಡೀ ಕಾದ ತನ್ನ ಆರು ನಿಮಿಷವನ್ನು ಅವಳು ಅವನ ಮೈಮೇಲೆ ಬಿಟ್ಟಳು. ಗಂಟು ಅಲ್ಲೇ ಇತ್ತು.

ಒದ್ದೆ ಮೈಮೇಲೇ ಅಂಗಿ ಹಾಕಿಕೊಂಡು ಅವನು ಅವಳೊಂದಿಗೆ ಆಸ್ಪತ್ರೆಗೆ ಓಡಿದ. ರಕ್ತಪರೀಕ್ಷೆ, ಸ್ಕ್ಯಾನ್ ಎರಡನ್ನೂ ನೋಡಿದ ಡಾಕ್ಟರಮ್ಮ, "ಕ್ಯಾನ್ಸರೇ ಅನಸ್ತದ. ಆದ್ರ ಬೇಗ ಬಂದೀರಿ, ಹರಡಿಲ್ಲ. ಅದೊಂದನ್ನ ತೆಗದ್ರ ಗುಣ ಆಗ್ತದ. ಮಕ್ಕಳಾಗಾಕ ಇನ್ನೊಂದು ಸಾಕು" ಎಂದರು.

ಮೊದಲ ಮಾತಿನ ನಂತರ ಗುರುಸಿದ್ಧನಿಗೆ ಏನೂ ಕೇಳಿಸಿರಲಿಲ್ಲ. ಕಸ್ತೂರಿಯೇ ಅವನ ಭುಜ ಅಲುಗಿಸಿ, "ಗುಣ ಆಗ್ತದಂತ್ರೀ, ಗುಣ ಆಗ್ತದಂತ" ಎಂದಳು. ತಿಂಗಳ ಧೂಳು ತುಂಬಿದ್ದ ಅವಳ ತಲೆಯನ್ನು ಎದೆಗೊತ್ತಿಕೊಂಡು ಅವನು ಅಳತೊಡಗಿದ.