ಕೋವಿ ಎಣ್ಣೆ ಕುಡಿದ ಫಿಲ್ಟರ್

ಸಿದ್ದಣ್ಣ ಪಿಕಪ್ಪಿನ ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ಪು ತೆಗೆದದ್ದೇ ತಡ, ಅವನ ಮಣಿಕಟ್ಟಿನ ಮೇಲೆ ಎಣ್ಣೆ ತೊಟ್ಟಿಕ್ಕಿತು. ಕೈ ಮೂಸಿ ನೋಡಿ, ಕುಟ್ಟ ಪೇಟೆಯ ತನ್ನ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಎಸ್ಟೇಟ್ ಮಾಲೀಕ ಜಯಪ್ರಕಾಶರ ಕಡೆ ತಿರುಗಿದ.

"ಏನ್ ಸಾರ್, ಇದು ಗಾಳಿ ಸೋಸುವ ಡಬ್ಬಿಯಾ, ಬೋಂಡ ಕರಿಯುವ ಬಾಣಲೆಯಾ?"

ಡ್ರೈವರ್ ಗುರುವಪ್ಪನಿಗೆ ನಗು ಬರಲಿಲ್ಲ. ನಿನ್ನೆ ಕಾಫಿ ಒಣಗಿಸುವ ಕಣದಲ್ಲಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪರಮೇಶಪ್ಪ ಮತ್ತು ಕಾಫಿ ಹಣ್ಣಿನ ಪಿಕಿಂಗಿಗೆ ಬಂದ ಮೂವತ್ತು ಮಂದಿಯ ಎದುರು, ಇದೇ ಜಯಪ್ರಕಾಶರು ಅವನನ್ನು ಡೀಸೆಲ್ ಕಳ್ಳ ಎಂದಿದ್ದರು. ಪಿಕಪ್ಪು ಎರಡು ತಿಂಗಳಿಂದ ವಿಪರೀತ ಡೀಸೆಲ್ ಕುಡಿಯುತ್ತಿತ್ತು. ಏರು ಕಂಡರೆ ಕಪ್ಪು ಹೊಗೆ ಕಾರಿ ಏದುಸಿರು ಬಿಡುತ್ತಿತ್ತು. ಬಾನೆಟ್ ಎತ್ತಿ ನೋಡುವ ಮೊದಲೇ ತಪ್ಪು ಡ್ರೈವರನದೆಂದು ತೀರ್ಮಾನಿಸುವುದು ದೊಡ್ಡವರ ಪದ್ಧತಿ. ಇಂಜಿನ್ ಬಿಚ್ಚಿಸಿದರೆ ಖರ್ಚು, ಬೈಗುಳವಾದರೆ ಪುಕ್ಕಟೆ. ಹದಿನೆಂಟು ವರ್ಷ ಆ ಎಸ್ಟೇಟಿನ ಗಾಡಿ ಓಡಿಸಿದ ಗುರುವಪ್ಪನಿಗೆ ಕೆಲಸ ಹೋಗುತ್ತದೆಂಬ ಭಯಕ್ಕಿಂತ, ಆ ಮೂವತ್ತು ಮಂದಿ ತಲೆ ತಗ್ಗಿಸಿ ಸುಮ್ಮನಾದದ್ದೇ ಹೆಚ್ಚು ಉರಿಯುತ್ತಿತ್ತು. "ಸಿದ್ದಣ್ಣನಿಗೆ ಒಂದ್ಸಲ ತೋರಿಸಿ ಸಾರ್, ಆಮೇಲೆ ಬೇಕಾದ್ರೆ ನನ್ನ ಕಳಿಸಿ" ಎಂದು ಹಟ ಹಿಡಿದು ಇಲ್ಲಿಗೆ ಕರೆತಂದವನು ಅವನೇ.

ಸಿದ್ದಣ್ಣ ಕೆಂಪು ಬಟ್ಟೆಯ ಫಿಲ್ಟರನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದ.

"ತೊಳೆದು ತೊಳೆದು ಹಾಕುವ ಫಿಲ್ಟರ್ ಅದು," ಜಯಪ್ರಕಾಶರು ಎದೆ ಉಬ್ಬಿಸಿದರು. "ಆನ್‌ಲೈನಲ್ಲಿ ತರಿಸಿ ಎರಡು ತಿಂಗಳಾಯ್ತು. ರೇಸಿನ ಕಾರಿಗೆ ಇದನ್ನೇ ಹಾಕ್ತಾರೆ. ನಿಮ್ಮ ಕಾಗದದ್ದು ವರ್ಷ ವರ್ಷ ಬದಲಾಯಿಸ್ಬೇಕು, ಇದು ಜೀವಮಾನ ಪೂರ್ತಿ ಬರ್ತದೆ."

"ಯಾರ ಜೀವಮಾನ ಸಾರ್? ಗಾಡೀದು ಮುಗೀತಾ ಬಂತು. ಇದಕ್ಕೆ ಎಣ್ಣೆ ಹಾಕಿದ್ಯಾರು?"

ಜಯಪ್ರಕಾಶರ ಕಣ್ಣು ಅಭ್ಯಾಸಬಲದಿಂದ ಡ್ರೈವರನ ಕಡೆ ಹೊರಳಿತು.

"ನಾನು ಮುಟ್ಟಿಲ್ಲ," ಎಂದ ಗುರುವಪ್ಪ. "ಮುಟ್ಬೇಡ ಅಂದಿದ್ರು."

ನಿಜವೇ. ಫಿಲ್ಟರಿನ ಜೊತೆ ಬೆರಳುದ್ದದ ಎಣ್ಣೆ ಬಾಟಲಿ ಬಂದಿತ್ತು. ಅಷ್ಟು ಎಣ್ಣೆಯಿಂದ ಏನಾದೀತೆಂದು ಜಯಪ್ರಕಾಶರು ಕೋವಿಯ ಕಪಾಟಿನಿಂದ ಕೋವಿ ಎಣ್ಣೆ ತಂದು, ಆಯುಧ ಪೂಜಿಸುವ ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿಯ ನಳಿಗೆ ಉಜ್ಜಿ ಮಿರಮಿರ ಮಿಂಚಿಸುವಷ್ಟೇ ಭಕ್ತಿಯಿಂದ ಫಿಲ್ಟರಿಗೆ ಅಭಿಷೇಕ ಮಾಡಿದ್ದರು. ತಿಂಗಳಿಗೆರಡು ಸಲ. "ಸಾರ್, ಜಾಸ್ತಿಯಾಯ್ತೇನೋ" ಎಂದು ಗುರುವಪ್ಪ ಬಾಯಿಬಿಟ್ಟಾಗ, "ಮೂರು ತಲೆಮಾರಿನಿಂದ ಕೋವಿಗೆ ಎಣ್ಣೆ ಹಾಕಿದ ಮನೆ ಇದು. ನಂಗೆ ಹೇಳಿಕೊಡ್ತೀಯಾ?" ಎಂದಿದ್ದರು. ಕೋವಿಗೆ ಉಸಿರಾಡುವ ಕೆಲಸವಿಲ್ಲ ಎಂಬುದು ಮೂರು ತಲೆಮಾರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸಿದ್ದಣ್ಣ ಕೊಳವೆಯೊಳಗಿಂದ ಒಂದು ಪುಟ್ಟ ಸೆನ್ಸಾರ್ ಬಿಚ್ಚಿ ತೋರಿಸಿದ. ಅದರ ಕೂದಲೆಳೆಯಂಥ ತಂತಿಗೆ ಎಣ್ಣೆ, ಎಣ್ಣೆಗೆ ಧೂಳು ಮೆತ್ತಿಕೊಂಡಿತ್ತು.

"ಎಷ್ಟು ಗಾಳಿ ಒಳಗೆ ಬರ್ತಾ ಉಂಟು ಅಂತ ಇಂಜಿನಿಗೆ ಹೇಳೋದು ಇದು. ನಿಮ್ಮ ಎಣ್ಣೆ ಬಿದ್ದು ಕುರುಡಾಗಿದೆ, ಲೆಕ್ಕ ತಪ್ಪಿ ಇಂಜಿನ್ ಡೀಸೆಲ್ ದಂಡ ಮಾಡ್ತಾ ಉಂಟು. ಡೀಸೆಲ್ ಕದ್ದ ಕಳ್ಳ ಇಲ್ಲೇ ಸಿಕ್ಕಿದ ನೋಡಿ."

"ಹಾಗಾದ್ರೆ ಈ ಫಿಲ್ಟರ್ ದಂಡವಾ?"

"ಕ್ರಮ ಗೊತ್ತಿದ್ದವರಿಗೆ ನಡೀತದೆ ಸಾರ್. ತೊಳೀಬೇಕು, ನೆರಳಲ್ಲಿ ಒಣಗಿಸ್ಬೇಕು, ಅದರದ್ದೇ ಎಣ್ಣೆ ಹದವಾಗಿ ಹಾಕ್ಬೇಕು. ಕಾಫಿ ಮೂಟೆ ಹೊರುವ ಗಾಡಿಗೆ ಇಷ್ಟೆಲ್ಲ ಬಾಣಂತನ ಯಾಕೆ? ಇದರ ದುಡ್ಡಿಗೆ ಕಾಗದದ್ದು ಹತ್ತು ವರ್ಷಕ್ಕೆ ಬರ್ತಿತ್ತು."

ಅವನು ಸೆನ್ಸಾರ್ ತೊಳೆದು ಒಣಗಿಸಿ, ಹೊಸ ಕಾಗದದ ಫಿಲ್ಟರ್ ಕೂರಿಸಿ, ಗುರುವಪ್ಪನಿಂದ ಗಾಡಿ ಸ್ಟಾರ್ಟ್ ಮಾಡಿಸಿದ. ಎರಡು ತಿಂಗಳ ಗೂರಲು ವಾಸಿಯಾದವರಂತೆ ಇಂಜಿನ್ ಸಲೀಸಾಗಿ ಓಡಿತು. ಗುರುವಪ್ಪ ಅದನ್ನು ಆಫ್ ಮಾಡಿ ಕೆಳಗಿಳಿದ. ಅವನ ಕಣ್ಣು ತುಂಬಿತ್ತು. ಜಯಪ್ರಕಾಶರು ಅತ್ತ ನೋಡಲಿಲ್ಲ. ಕೆಂಪು ಫಿಲ್ಟರನ್ನು ಹಳೇ ಪೇಪರಿನಲ್ಲಿ ಜೋಪಾನವಾಗಿ ಸುತ್ತುತ್ತಿದ್ದರು. ನನ್ನ ಜೀಪಿಗೆ ಹಾಕಿ ನೋಡುತ್ತೇನೆ ಎಂದರು. ಜುಟ್ಟಿಗೆ ಮಲ್ಲಿಗೆ ಬೇಕೆಂಬ ಆಸೆ ಅಷ್ಟು ಬೇಗ ಬಿಡುವುದಿಲ್ಲ.

"ಸರಿ ಬಿಡು ಗುರುವಾ, ಗೊತ್ತಾಯ್ತಲ್ಲ. ಗಾಡಿ ಹತ್ತು, ಕಣದಲ್ಲಿ ಮೂಟೆ ಕಾಯ್ತಾ ಉಂಟು."

ಗುರುವಪ್ಪ ಹತ್ತಲಿಲ್ಲ. "ಸಾರ್, ಕಣಕ್ಕೆ ಹೋದ್ಮೇಲೆ ರೈಟರ ಮುಂದೆ, ಆ ಜನದ ಮುಂದೆ ಒಂದೇ ಮಾತು ಹೇಳಿ. ಗುರುವಪ್ಪ ಕದ್ದಿಲ್ಲ ಅಂತ. ಅಷ್ಟು ಸಾಕು."

"ಅಯ್ಯೋ, ಅದೆಲ್ಲ ಯಾಕೆ ಮಾರಾಯ? ನಂಗೆ ಗೊತ್ತಾಯ್ತು, ಮುಗೀತು." ಜಯಪ್ರಕಾಶರು ಸಿದ್ದಣ್ಣನ ಕಡೆ ನೋಡಿ ನಕ್ಕರು, ಸಿದ್ದಣ್ಣ ನಗಲಿಲ್ಲ. "ಅಷ್ಟು ಆಳುಗಳ ಮುಂದೆ ನಿಂತು ತಪ್ಪಾಯ್ತು ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಗುರುವಪ್ಪ ಗಾಡಿಯ ಕೀ ತೆಗೆದು ಬಾನೆಟ್ಟಿನ ಮೇಲಿಟ್ಟ.

"ನನ್ನದು ಏನಾಯ್ತೋ ಅದೇ ಆಗ್ತದೆ ಸಾರ್."