ಅಕ್ಕನ ಅಂಗೈ

ಕೆಂಚವ್ವ ತೀರಿಕೊಂಡ ಸುದ್ದಿ ಬೆಳಗ್ಗೆ ದೊಡವಾಡಕ್ಕೆಲ್ಲ ತಿಳಿಯಿತು. ಮಧ್ಯಾಹ್ನ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಡಲು ಹೋದರೆ ಬೆರಳುಗಳು ಬಿಚ್ಚಲಿಲ್ಲ. ಕುಷ್ಠ ವಾಸಿಯಾಗಿ ಎಷ್ಟೋ ವರ್ಷವಾಗಿದ್ದರೂ ಅವು ಮಡಚಿಕೊಂಡೇ ಉಳಿದಿದ್ದವು.

“ತಮ್ಮ ಅಲ್ರಿ ನೀವು? ನೀವ ಬಿಡಸ್ರಿ,” ಎಂದರು ವಿಧಿ ಮಾಡಿಸಲು ಬಂದಿದ್ದ ಅಯ್ಯನವರು.

ಮಡಿವಾಳೆಪ್ಪ ಮೆಲ್ಲಗೆ ಬಿಡಿಸಿದ. ಅಂಗೈ ತುಂಬ ಸುಟ್ಟ ಕಲೆಗಳು.

“ಇವೇನ್ರಿ?” ಅಯ್ಯನವರು ಕೇಳಿದರು.

ದಿನಾ ಚಹಾ ಕುದಿದಾಗ, “ಯಕ್ಕಾ, ನೀನ ಇಳಸು. ನಿನ್ನ ಕೈಗೆಲ್ಲಿ ಬಿಸಿ ಹತ್ತತೈತಿ?” ಎಂದು ನಗುತ್ತಿದ್ದವನು ಮಡಿವಾಳೆಪ್ಪನೇ. ಸ್ಪರ್ಶಜ್ಞಾನವಿಲ್ಲದ ಕೈಯಿಂದ ಅವಳೂ ನಗುತ್ತಲೇ ಪಾತ್ರೆ ಇಳಿಸುತ್ತಿದ್ದಳು. ಆ ಅಂಗೈಯನ್ನು ಅವನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಲಿಂಗವಿಟ್ಟು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿದ.

“ಶಿವನ, ನಮ್ಮಕ್ಕನ್ನ ನಿನ್ನ ಪಾದದಾಗ ತಂಪಾಗಿಡಪಾ.”